ಆಟಿಕೆಯನ್ನು ಪರೀಕ್ಷೆಗೆ ಕೊಡುವ ಮುನ್ನ ಇದನ್ನು ಓದಿ

ಬೆಂಗಳೂರಿನಲ್ಲಿ ಮಕ್ಕಳ ಆಟಿಕೆಯನ್ನು ಖಾಸಗಿ ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸಬೇಕೆಂದಿರುವವರೇ, ದಯವಿಟ್ಟು ಸ್ವಲ್ಪ ತಾಳಿ. ನನ್ನ ದುಡ್ಡೂ ಹೋಯಿತು, ಮಾನವೂ ಹೋಯಿತು.

ನಾನು ಬನಶಂಕರಿಯಲ್ಲಿ ಸಣ್ಣ ಶಿಶುವಿಹಾರ ನಡೆಸುತ್ತೇನೆ. ಹುಟ್ಟುಹಬ್ಬವೊಂದರಲ್ಲಿ ಮಕ್ಕಳಿಗೆ ಮಿನುಗುವ ಮೆತ್ತನೆಯ ಡೈನೋಸಾರ್‌ಗಳನ್ನು ಹಂಚಿದ್ದರು. ಚಿಕ್ಕಪೇಟೆಯಿಂದ ತಂದದ್ದಂತೆ. ಐಎಸ್‌ಐ ಗುರುತು ಇರಲಿಲ್ಲ. ಹದಿನಾಲ್ಕು ವರ್ಷದೊಳಗಿನವರ ಆಟಿಕೆಗೆ 2021ರ ಜನವರಿ 1ರಿಂದ ಅದು ಕಡ್ಡಾಯ, ಆದರೂ ರಾಜಾರೋಷವಾಗಿ ಮಾರುತ್ತಾರೆ! ಪೊಟ್ಟಣ ಬಿಚ್ಚಿದರೆ ಘಾಟು, ಮುಟ್ಟಿದರೆ ಬೆರಳಿಗೆ ಎಣ್ಣೆಯಂಥ ಜಿಡ್ಡು. ಮಕ್ಕಳು ಅದರ ಬಾಲ ಕಚ್ಚಿಕೊಂಡೇ ಕೂರುತ್ತಿದ್ದರು.

ಪ್ರಯೋಗಾಲಯದಲ್ಲಿ ಇದೆಲ್ಲವನ್ನೂ ಬಿಡಿಸಿ ಹೇಳಿದೆ. ಘಾಟು, ಜಿಡ್ಡು, ಬಾಯಿಗಿಡುವುದು, ಎಲ್ಲವನ್ನೂ. "ಹಾನಿಕಾರಕ ರಾಸಾಯನಿಕ ಎಲ್ಲವನ್ನೂ ನೋಡುತ್ತೇವೆ ಮೇಡಂ" ಎಂದರು. ಎಲ್ಲವನ್ನೂ ಎಂದೇ ಹೇಳಿದರು. ಪೂರ್ತಿ ಹಣ ಮುಂಗಡವಾಗಿ ಕಟ್ಟಿಸಿಕೊಂಡರು.

ವರದಿ ಬಂತು: ಪಾಸ್. ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಔಷಧ ಕಂಪನಿಯಲ್ಲಿ ಕೆಲಸ ಮಾಡುವ ತಂದೆಯೊಬ್ಬರು ಎಲ್ಲರೆದುರೇ ಕೇಳಿದರು: "ಇದರಲ್ಲಿ ಥ್ಯಾಲೇಟ್ ಎಲ್ಲಿದೆ ಮೇಡಂ?"

ಇರಲೇ ಇಲ್ಲ. ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್, ಹೀಗೆ ಎಂಟು ಧಾತುಗಳ ಪಟ್ಟಿ, ಅಷ್ಟೇ. ಅದು ಆಟಿಕೆ ಸುರಕ್ಷತೆಯ ಭಾರತೀಯ ಮಾನಕ ಐಎಸ್ 9873ರ ಭಾಗ 3. ಪಿವಿಸಿಯನ್ನು ಮೆತ್ತಗಾಗಿಸಲು ಬೆರೆಸುವ, ಜಗಿದರೆ ಎಂಜಲಿಗೆ ಇಳಿಯುವ ಥ್ಯಾಲೇಟ್‌ಗಳ ಪರೀಕ್ಷೆ ಭಾಗ 9ರಲ್ಲಿದೆ. ನನಗೆ ಬೇಕಿದ್ದದ್ದೇ ಅದು! ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಫೋನ್ ಮಾಡಿದರೆ ಬಂದ ಉತ್ತರಗಳನ್ನು ಕೇಳಿ. "ನೀವು ಕೆಮಿಕಲ್ ಟೆಸ್ಟ್ ಕೇಳಿದಿರಿ, ಮಾಡಿದ್ದೇವೆ." ಥ್ಯಾಲೇಟ್? "ಅದು ಬೇರೆ, ಅದಕ್ಕೆ ಬೇರೆ ಶುಲ್ಕ." ಮೊದಲೇ ಏಕೆ ಹೇಳಲಿಲ್ಲ? "ನೀವು ಆ ಹೆಸರು ಹೇಳಲಿಲ್ಲವಲ್ಲ." ಹೆಸರು ಗೊತ್ತಿದ್ದರೆ ನಾನು ನಿಮ್ಮ ಬಳಿ ಏಕೆ ಬರುತ್ತಿದ್ದೆ? ಕೊಟ್ಟ ಆಟಿಕೆಗಳನ್ನಾದರೂ ಹಿಂತಿರುಗಿಸಿ ಎಂದರೆ, "ಮಾದರಿ ಉಳಿದಿಲ್ಲ."

ನೀವು ಹೋದರೆ ಯಾವ ಮಾನಕ, ಯಾವ ಭಾಗ, ಯಾವ ರಾಸಾಯನಿಕ ಎಂಬುದನ್ನು ದರಪಟ್ಟಿಯಲ್ಲೇ ಬರೆಸಿಕೊಳ್ಳಿ, ಆಮೇಲೆ ಹಣ ಕೊಡಿ. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಸಂಸ್ಥೆಯ ಮುದ್ರೆ ಕಂಡು ನಂಬಬೇಡಿ, ನಿಮಗೆ ಬೇಕಾದ ಪರೀಕ್ಷೆಗೆ ಮಾನ್ಯತೆ ಇದೆಯೇ ಎಂದು ಆ ಸಂಸ್ಥೆಯ ಪಟ್ಟಿಯಲ್ಲಿ ನೋಡಿ. "ಎಲ್ಲವನ್ನೂ ನೋಡುತ್ತೇವೆ" ಎಂದವರ ಬಾಗಿಲಿನಿಂದ ಎದ್ದು ಬನ್ನಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಹಣ ವಾಪಸ್ ಬರುವವರೆಗೂ ಬಿಡುವುದಿಲ್ಲ.