ಕಾಫಿ ಚರಟದ ಬಿಲ್ಲೆ ಎಲ್ಲಿ ಬಡಿಯಬೇಕು? ಸಿಂಕ್, ಕಸದ ಬುಟ್ಟಿ, ನಾಕ್ ಬಾಕ್ಸ್, ಸ್ಟೀಲ್ ಡಬ್ಬಿ

ನಮ್ಮದು ಮೊದಲಿನಿಂದಲೂ ಚಹಾದ ಮನೆ. ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಮನೆಗೆ, ಬಿಸಿನೀರನ್ನು ಒತ್ತಡದಿಂದ ಪುಡಿಯೊಳಗೆ ಹಾಯಿಸಿ ಕಾಫಿ ಇಳಿಸುವ ಎಸ್ಪ್ರೆಸೊ ಯಂತ್ರ ಬಂದು ಹದಿನಾಲ್ಕು ತಿಂಗಳಾಯಿತು. ಕಾಫಿ ಹೇಗೆ ಇಳಿಸಬೇಕು ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಸಿಕ್ಕರು. ಇಳಿದ ಮೇಲೆ ಉಳಿಯುವ ಚರಟ ಏನು ಮಾಡಬೇಕು ಎಂದು ಒಬ್ಬರೂ ಹೇಳಲಿಲ್ಲ. ಒಂದೊಂದೇ ಮಾಡಿ ನೋಡಿ ಕಲಿತದ್ದು ಇದು.

ನಾವು ಸಲಕ್ಕೆ 18 ಗ್ರಾಂ ಪುಡಿ ಹಾಕುತ್ತೇವೆ. ಕಾಫಿ ಇಳಿದ ಮೇಲೆ ಬಾಸ್ಕೆಟ್ಟಿನಲ್ಲಿ, ಅಂದರೆ ಪುಡಿ ತುಂಬುವ ತೂತಿನ ಬಟ್ಟಲಿನಲ್ಲಿ, ಒತ್ತಿಕೊಂಡು ಉಳಿಯುವ ಚರಟದ ಬಿಲ್ಲೆಯನ್ನು ತೂಗಿದರೆ 33 ಗ್ರಾಂ ಆಸುಪಾಸು ಬರುತ್ತದೆ, ಉಳಿದದ್ದೆಲ್ಲ ಅದು ಹೀರಿಕೊಂಡ ನೀರು. ದಿನಕ್ಕೆ ನಾಲ್ಕು ಸಲ ಎಂದರೆ ತಿಂಗಳಿಗೆ ಹತ್ತಿರ ಹತ್ತಿರ ನಾಲ್ಕು ಕಿಲೋ ಹಸಿ ಚರಟ.

ಮೊದಲ ಎರಡು ತಿಂಗಳು ಸಿಂಕಿನಲ್ಲೇ ನಡೆಯಿತು. ಚಮಚದಿಂದ ಕೆರೆದು ಮೇಲಿನದನ್ನು ಬುಟ್ಟಿಗೆ ಹಾಕುವುದು, ಅಂಟಿಕೊಂಡದ್ದನ್ನು ನಳದ ಕೆಳಗೆ ಹಿಡಿದು ತೊಳೆಯುವುದು. ಕೈಗೆ ಬಹಳ ಸುಲಭ. ಮೂರನೆಯ ತಿಂಗಳಿಗೆ ಸಿಂಕಿನ ನೀರು ಇಳಿಯುವುದು ನಿಂತಿತು. ನಳದ ಕೆಲಸದವರು ಬಂದು ಕೆಳಗಿನ ಬಾಟಲ್ ಟ್ರ್ಯಾಪ್ ತಿರುಗಿಸಿ ಬಿಚ್ಚಿ ಬಕೆಟ್ಟಿಗೆ ಸುರಿದಾಗ ಬಿದ್ದದ್ದು ಮಳೆಯಲ್ಲಿ ನೆನೆದ ಎರೆಮಣ್ಣಿನಂಥ ಕರಿ ಮುದ್ದೆ. ಒಗ್ಗರಣೆಯ ಎಣ್ಣೆ ಜಿಡ್ಡು ಸೇರಿಕೊಂಡು ಅದು ಬೆರಳಿಗೆ ಅಂಟುತ್ತಿತ್ತು. "ಚಹಾಪುಡಿ ಆದ್ರ ಜಾಳಿಗಿಗೆ ಸಿಗತೈತ್ರಿ ಅಕ್ಕಾರ. ಇದು ಹಿಟ್ಟಿನಂಗ ಐತಿ, ಜಾಳಿಗಿ ದಾಟಿ ಹೋಗಿ ಇಲ್ಲಿ ಕುಂತೈತಿ" ಎಂದರು. ಅವರು ಹೇಳಿದ್ದು ಸರಿ. ಎಸ್ಪ್ರೆಸೊಗೆ ಬೀಸುವ ಪುಡಿ ಅಷ್ಟು ನುಣುಪು, ನೀರಿನಲ್ಲಿ ಕರಗುವಂಥದ್ದೂ ಅಲ್ಲ.

ಪೈಪು ಕಟ್ಟದಿದ್ದರೂ ಈ ದಾರಿ ನಾನು ಬಿಡುತ್ತಿದ್ದೆ, ನೀರಿನ ಕಾರಣಕ್ಕೆ. ಸವದತ್ತಿಯ ರೇಣುಕಾಸಾಗರದಿಂದ ಬರುವ ಮಲಪ್ರಭೆಯ ನೀರಿಗೆ ನಮ್ಮ ಓಣಿಯವರು ಐದಾರು ದಿನ ಕಾಯುತ್ತೇವೆ. ಒಂದು ದಿನ ಪೋರ್ಟಾಫಿಲ್ಟರ್ (ಬಾಸ್ಕೆಟ್ ಕೂರುವ, ಹಿಡಿಕೆಯಿರುವ ಭಾಗ) ತೊಳೆಯುವಾಗ ಕೆಳಗೆ ಪಾತ್ರೆ ಇಟ್ಟು ಅಳೆದೆ: ಒಂದು ಸಲಕ್ಕೆ ಒಂದೂವರೆ ಲೀಟರ್. ನಾಲ್ಕು ಸಲಕ್ಕೆ ಆರು ಲೀಟರ್, ಅಂದರೆ ಅರ್ಧ ಕೊಡ. ನಾಲ್ಕು ಕಪ್ ಕಾಫಿಯ ಚರಟ ತೊಳೆಯಲು ಅರ್ಧ ಕೊಡ ನೀರು ಚೆಲ್ಲುವುದು ನನಗೆ ಒಪ್ಪಿಗೆಯಾಗಲಿಲ್ಲ. ಅಲ್ಲಿಂದ ನೀರು ಮುಟ್ಟದ ದಾರಿಗಳನ್ನೇ ಹುಡುಕಿದೆ.

ಕಸದ ಬುಟ್ಟಿಯ ಅಂಚಿಗೆ ನೇರ ಬಡಿಯುವುದು ಬೇಡವೇ ಬೇಡ. ಪೋರ್ಟಾಫಿಲ್ಟರಿನೊಳಗೆ ಬಾಸ್ಕೆಟ್ಟನ್ನು ಹಿಡಿದಿಡುವುದು ಒಂದು ತೆಳು ಸ್ಪ್ರಿಂಗ್ ತಂತಿ. ಜೋರಾಗಿ ಬಡಿದರೆ ಬಿಲ್ಲೆಯ ಜೊತೆ ಬಾಸ್ಕೆಟ್ಟೂ ಕಸಕ್ಕೆ ಬೀಳುತ್ತದೆ. ನನಗೆ ಎರಡು ಸಲ ಬಿತ್ತು. ಎರಡನೆಯ ಸಲ ಬುಟ್ಟಿಯ ಅಂಚೂ ಸೀಳಿತು.

ಆಮೇಲೆ ಆನ್‌ಲೈನಿನಲ್ಲಿ ನಾಕ್ ಬಾಕ್ಸ್ ತರಿಸಿದೆ, ಒಂಬೈನೂರು ಚಿಲ್ಲರೆ ರೂಪಾಯಿ. ಪ್ಲಾಸ್ಟಿಕ್ ಡಬ್ಬಿ, ಅಡ್ಡಕ್ಕೆ ರಬ್ಬರ್ ಸುತ್ತಿದ ಸರಳು. ಸರಳಿಗೆ ಒಂದೇ ಏಟು, ಬಿಲ್ಲೆ ಇಡಿಯಾಗಿ ಕಳಚಿ ಬೀಳುತ್ತದೆ, ಸಪ್ಪಳವೂ ಕಡಿಮೆ. ಬಡಿಯುವ ಸುಖ ಒಂದನ್ನೇ ನೋಡಿದರೆ ಇದಕ್ಕೆ ಸಾಟಿಯಿಲ್ಲ. ಆದರೆ ಆರೇಳು ಬಿಲ್ಲೆಗೆ ತುಂಬುತ್ತದೆ. ಆಷಾಢದ ಜಿಟಿಜಿಟಿಯಲ್ಲಿ ಮೂರನೆಯ ದಿನಕ್ಕೆ ಒಳಗೆ ಬಿಳಿ ಬೂಸು ಬಂದಿತ್ತು. ಕಾಫಿಯ ಎಣ್ಣೆ ಪ್ಲಾಸ್ಟಿಕ್ಕಿಗೆ ಹಿಡಿದು ಹುಳಿ ವಾಸನೆ ಕೂತಿತು, ಸಾಬೂನಿಗೂ ಹೋಗಲಿಲ್ಲ, ನಿಂಬೆಹಣ್ಣಿಗೂ ಹೋಗಲಿಲ್ಲ. ಎಂಟನೆಯ ತಿಂಗಳಿಗೆ ಸರಳು ಕೂರುವ ಗುಳಿ ಸವೆದು ಸರಳು ಅಲ್ಲಾಡತೊಡಗಿತು.

ಆಗ ಸ್ಟೀಲ್ ಡಬ್ಬಿಯ ವಿಚಾರ ಬಂತು. ದುರ್ಗದಬೈಲಿನಲ್ಲಿ ಎರಡು ಕಿಲೋ ಹಿಡಿಯುವ ದಪ್ಪ ತಗಡಿನ ಡಬ್ಬಿ ತಂದೆ, 320 ರೂಪಾಯಿ. ಗ್ರಿಲ್ ಕೆಲಸದ ಅಂಗಡಿಯಲ್ಲಿ ಎದುರುಬದುರು ಎರಡು ತೂತು ಹೊಡೆಸಿ, ಒಂದು ಸರಳು ತೂರಿಸಿ ನಟ್ ಬಿಗಿಸಿದೆವು, ಅದಕ್ಕೆ 60. ಸರಳಿಗೆ ಸುತ್ತಲು ಹಳೆ ಸೈಕಲ್ ಟ್ಯೂಬಿನ ತುಂಡನ್ನು ಪಂಕ್ಚರ್ ಅಂಗಡಿಯವರು ಹಾಗೇ ಕೊಟ್ಟರು. ಮೊದಲು ತೂತು ತೀರಾ ಕೆಳಗೆ ಹೊಡೆಸಿದ್ದೆ. ಬಾಸ್ಕೆಟ್ ಸರಳಿಗೆ ತಾಗುವ ಮೊದಲೇ ಹಿಡಿಕೆ ಡಬ್ಬಿಯ ಬಾಯಿಗೆ ಬಡಿಯುತ್ತಿತ್ತು. ಮತ್ತೆ ಹೋಗಿ ಬಾಯಿಯಿಂದ ಎರಡು ಬೆರಳು ಕೆಳಗೆ ಹೊಡೆಸಿದ ಮೇಲೆ ಸರಿಹೋಯಿತು. ಮಾಡಿಸುವವರು ಈ ಎರಡು ಬೆರಳಿನ ಲೆಕ್ಕ ನೆನಪಿಡಿ.

ಇದರ ಕೊರತೆ ಸಪ್ಪಳ. ಮೊದಲ ದಿನವೇ ಅತ್ತೆ ಎದ್ದು ಬಂದು, "ಏನವಾ, ನಸುಕಿನ್ಯಾಗ ಡಬ್ಬಿ ಬಡ್ಯಾಕ್ಹತ್ತಿಯಲ್ಲ!" ಎಂದರು. ಕೆಳಗೆ ನಾಲ್ಕು ಮಡಿಕೆ ಗೋಣಿಚೀಲ ಹಾಸಿ, ಟ್ಯೂಬನ್ನು ಎರಡು ಸುತ್ತು ಮಾಡಿದೆ. ಈಗ ನಡುಮನೆಗೆ ಕೇಳಿಸುವುದಿಲ್ಲ. ಡಬ್ಬಿಯ ತಳಕ್ಕೆ ಹಳೆ ಪೇಪರ್ ಹಾಕಿರುತ್ತೇನೆ, ಅದು ನೀರು ಹೀರುತ್ತದೆ, ಸುರಿಯುವಾಗ ಚರಟವೆಲ್ಲ ಪೇಪರಿನ ಸಮೇತ ಬರುತ್ತದೆ. ಸ್ಟೀಲಿಗೆ ವಾಸನೆ ಹಿಡಿಯುವುದಿಲ್ಲ. ಬಿಸಿಲಿಗೆ ಬೋರಲು ಹಾಕಿದರೆ ಅರ್ಧ ಗಂಟೆಯಲ್ಲಿ ಹೊಸದರಂತೆ. ಆರು ತಿಂಗಳಿಂದ ಇದೇ ನಡೆದಿದೆ, ನನ್ನ ಮಟ್ಟಿಗೆ ಇದೇ ಗೆದ್ದದ್ದು.

ಒಂದು ಮಾತು ಮಾತ್ರ. ಇದೆಲ್ಲ ಬಿಲ್ಲೆ ಗಟ್ಟಿಯಾಗಿ ಬಂದರೆ. ನಮ್ಮ ಯಂತ್ರದಲ್ಲಿ ಸೊಲೆನಾಯ್ಡ್ ವಾಲ್ವ್ ಇದೆ. ಕಾಫಿ ನಿಲ್ಲಿಸಿದ ಕೂಡಲೇ ಮೇಲೆ ಉಳಿದ ಒತ್ತಡ, ನೀರು ಡ್ರಿಪ್ ಟ್ರೇಗೆ ಇಳಿದುಹೋಗಿ ಬಿಲ್ಲೆ ಒಣಗಿದಂತಾಗುತ್ತದೆ. ಆ ವಾಲ್ವ್ ಇಲ್ಲದ ಸಣ್ಣ ಯಂತ್ರಗಳಲ್ಲಿ ಚರಟ ಅಂಬಲಿಯ ಹಾಗೆ ಇರುತ್ತದೆ. ಅಂಥವರು ತಕ್ಷಣ ಪೋರ್ಟಾಫಿಲ್ಟರ್ ಬಿಚ್ಚಬೇಡಿ, ಉಳಿದ ಒತ್ತಡಕ್ಕೆ ಬಿಸಿ ಚರಟ ಮೈಮೇಲೆ ಸಿಡಿಯುತ್ತದೆ. ನಮ್ಮ ನಾದಿನಿಯ ಮನೆಯಲ್ಲಿ ಅಂಥದ್ದೇ ಯಂತ್ರ. ಒಂದೆರಡು ನಿಮಿಷ ಬಿಟ್ಟು ಬಿಚ್ಚಿ, ಚಮಚದಿಂದ ಪೇಪರಿನ ಮೇಲೆ ತೆಗೆದು ಮಡಚಿ ಹಸಿಕಸಕ್ಕೆ ಹಾಕುತ್ತಾಳೆ. ಆ ಯಂತ್ರಕ್ಕೆ ಅದೇ ಸರಿ.

ಬಾಸ್ಕೆಟ್ಟಿಗೆ ಅಂಟಿದ ಪುಡಿಗೆ ಬ್ರಶ್ಶಿಗಿಂತ ಹಳೆ ಧೋತರದ ತುಂಡು ಮೇಲು, ಒಂದೇ ಸುತ್ತಿಗೆ ಒರೆಸಿಕೊಂಡು ಬರುತ್ತದೆ. ಬ್ರಶ್ ಬೇಕಾಗುವುದು ಯಂತ್ರದ ಗ್ಯಾಸ್ಕೆಟ್ಟಿಗೆ, ಅಂದರೆ ಪೋರ್ಟಾಫಿಲ್ಟರ್ ಬಂದು ಒತ್ತಿ ಕೂರುವ ರಬ್ಬರ್ ಬಳೆಗೆ. ಅಲ್ಲಿ ಪುಡಿ ಉಳಿದರೆ ಸರಿಯಾಗಿ ಮುಚ್ಚಿಕೊಳ್ಳದೆ ಬದಿಯಿಂದ ನೀರು ಸೋರುತ್ತದೆ. ರಾತ್ರಿ ಒಂದೇ ಸಲ ಎಲ್ಲವನ್ನೂ ಬೋಗುಣಿಯಲ್ಲಿ ತೊಳೆದು ಆ ನೀರನ್ನು ಕುಂಡಕ್ಕೆ ಹಾಕುತ್ತೇನೆ.

ಚರಟವನ್ನು ನೇರವಾಗಿ ಕುಂಡದ ಮೇಲೆ ಹರಡಿಯೂ ನೋಡಿದೆ. ಒಣಗಿ ಹಪ್ಪಳದಂತೆ ಪದರ ಕಟ್ಟಿತು, ಹಾಕಿದ ನೀರು ಒಳಗಿಳಿಯದೆ ಅಂಚಿನಿಂದ ಹರಿದುಹೋಯಿತು. ತುಳಸಿ ಕಟ್ಟೆಗಂತೂ ಅತ್ತೆ ಮುಟ್ಟಿಸಲಿಲ್ಲ. ಗೊಬ್ಬರದ ಡ್ರಮ್ಮಿಗೆ ಹಾಕಿದರೆ ಒಳ್ಳೆಯದು, ಚರಟದಲ್ಲಿ ಸಾರಜನಕ ಇದೆ. ನಾಲ್ಕು ಬುಟ್ಟಿ ಒಣ ಎಲೆ, ಕಾಯಿಪಲ್ಲೆ ಸಿಪ್ಪೆಗೆ ಒಂದು ಬುಟ್ಟಿ ಚರಟ, ಅದಕ್ಕಿಂತ ಹೆಚ್ಚು ನಾನು ಹಾಕುವುದಿಲ್ಲ. ಮಳೆಗಾಲದಲ್ಲಿ ಒಣ ಎಲೆ ಸಿಗದಿದ್ದಾಗ ಮಿಕ್ಕದ್ದು ಪಾಲಿಕೆಯ ಕಸದ ಗಾಡಿಗೆ, ಹಸಿಕಸದ ಜೊತೆ. ಡಬ್ಬಿಯನ್ನು ದಿನ ಬಿಟ್ಟು ದಿನ ಖಾಲಿ ಮಾಡುತ್ತೇನೆ, ಆಷಾಢ ಶ್ರಾವಣದಲ್ಲಿ ದಿನಾ.