ಅಡುಗೆ ಕಟ್ಟೆಗೆ ಯಾವ ಕಲ್ಲು? ಕಡಪ, ಗ್ರಾನೈಟ್, ಕ್ವಾರ್ಟ್ಸ್ ಮೂರನ್ನೂ ನೋಡಿದ್ದಾಯಿತು

ಮೊಬೈಲಿನಲ್ಲಿ ಕಾಣುವ ಅಡುಗೆಮನೆಗಳೆಲ್ಲ ಬೆಳ್ಳಗೆ ಫಳಫಳ ಹೊಳೆಯುತ್ತಿರುತ್ತವೆ. ಅಲ್ಲಿ ಯಾರಾದರೂ ಸಾರಿಗೆ ಒಗ್ಗರಣೆ ಹಾಕಿದ್ದನ್ನು ನಾನಂತೂ ನೋಡಿಲ್ಲ. ನಮ್ಮ ಕಟ್ಟೆ ಮೇಲೆ ದಿನಾ ಬೀಳುವುದು ಅರಿಶಿನ, ಹುಣಸೆ ರಸ, ಎಣ್ಣೆ. ಜೊತೆಗೆ ಒಲೆಯಿಂದ ಇಳಿಸಿದ ಬಿಸಿ ಬಾಂಡಲೆ. ಕಲ್ಲು ಆರಿಸುವಾಗ ಕ್ಯಾಟಲಾಗ್ ಪಕ್ಕಕ್ಕಿಟ್ಟು ಇವುಗಳಿಂದಲೇ ಪರೀಕ್ಷೆ ಮಾಡಿದೆ.

ಬೆಂಗಳೂರಿನ ಪಕ್ಕ ಜಿಗಣಿಯಲ್ಲಿ ಗ್ರಾನೈಟ್ ಅಂಗಡಿಗಳು ಸಾಲಾಗಿವೆ. ಕೇಳಿದರೆ ಕತ್ತರಿಸಿ ಉಳಿದ ಚೂರುಗಳನ್ನು ಕೊಡುತ್ತಾರೆ. ಕಪ್ಪು ಗ್ರಾನೈಟ್, ತಿಳಿ ಬಣ್ಣದ ಗ್ರಾನೈಟ್, ಬಿಳಿ ಕ್ವಾರ್ಟ್ಸ್, ಪಾಲಿಶ್ ಮಾಡಿದ ಕಡಪ ಇಷ್ಟನ್ನೂ ತಂದು ಮನೆಯಲ್ಲಿ ಸಾಲಾಗಿ ಇಟ್ಟೆ. ರಾತ್ರಿ ಎಲ್ಲದರ ಮೇಲೂ ನಿಂಬೆರಸ, ಹುಣಸೆ ರಸ, ಎಣ್ಣೆಯಲ್ಲಿ ಕಲಸಿದ ಅರಿಶಿನ ಬಿಟ್ಟು ಮಲಗಿದೆ.

ಮೊದಲು ಸೋತದ್ದು ಕಡಪ. ಅದು ಸುಣ್ಣದ ಕಲ್ಲು. ಹುಳಿ ಬಿದ್ದರೆ ಸುಣ್ಣ ಸುಮ್ನೆ ಇರುತ್ತದಾ? ನಿಂಬೆರಸ ಬಿದ್ದ ಜಾಗದಲ್ಲಿ ಹೊಳಪು ಹೋಗಿ ಮಾಸಲಾಯಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಕಲ್ಲಿನ ಮೇಲ್ಪದರವೇ ಕರಗಿದ ಮೇಲೆ ಉಜ್ಜಿ ಏನು ಪ್ರಯೋಜನ? ಅಮ್ಮನ ಮನೆಯ ಹಳೇ ಕಟ್ಟೆಯೂ ಕಡಪದ್ದೇ, ಅಲ್ಲೂ ಉಪ್ಪಿನಕಾಯಿ ಭರಣಿ ಇಡುವ ಜಾಗ ಹೀಗೇ ಆಗಿದೆ. ಆದರೆ ಕಟ್ಟೆ ಕೆಳಗಿನ ಅಡ್ಡ ಹಲಗೆಗೆ, ಸಾಮಾನು ಕೋಣೆಯ ಶೆಲ್ಫಿಗೆ ಕಡಪದಷ್ಟು ಅಗ್ಗದ, ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಗೆದ್ದಲಿನ ಭಯವೂ ಇಲ್ಲ.

ತಿಳಿ ಬಣ್ಣದ ಗ್ರಾನೈಟ್ ಹುಳಿಗೆ ಜಗ್ಗಲಿಲ್ಲ, ಆದರೆ ಎಣ್ಣೆ ಕುಡಿಯಿತು. ನೀರು ಬಿಟ್ಟರೂ ಸ್ವಲ್ಪ ಹೊತ್ತಿಗೆ ಆ ಜಾಗ ಕಪ್ಪಗಾಗುತ್ತಿತ್ತು. ಇಂಥ ಕಲ್ಲಿಗೆ ಸೀಲರ್, ಅಂದರೆ ಕಲ್ಲು ಎಣ್ಣೆ-ನೀರು ಹೀರದಂತೆ ತಡೆಯುವ ದ್ರವ, ಹಚ್ಚಿಸಬೇಕು, ಕೆಲವು ವರ್ಷಕ್ಕೊಮ್ಮೆ ಮತ್ತೆ ಹಚ್ಚಿಸುತ್ತಿರಬೇಕು. ಅಷ್ಟು ತಾಳ್ಮೆ ಇದ್ದವರು ತಗೊಳ್ಳಲಿ.

ನಿಜವಾದ ಪೈಪೋಟಿ ಇದ್ದದ್ದು ಕಪ್ಪು ಗ್ರಾನೈಟ್ ಮತ್ತು ಕ್ವಾರ್ಟ್ಸ್ ನಡುವೆ. ಚಾಮರಾಜನಗರದ ಕಡೆಯ ಕಪ್ಪು ಕಲ್ಲಿಗೆ ಹೊರದೇಶಗಳಲ್ಲೂ ಬೇಡಿಕೆ ಇದೆ. ಕಣಗಳು ಅಷ್ಟು ಒತ್ತಾಗಿರುವುದರಿಂದ ಅದು ಬೇಗ ಏನನ್ನೂ ಹೀರುವುದಿಲ್ಲ. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಏನೂ ಆಗಿಲ್ಲ ಎನ್ನುವ ಹಾಗಿತ್ತು. ಕ್ವಾರ್ಟ್ಸ್ ಮೇಲೂ ಹುಳಿಯ ಆಟ ನಡೆಯಲಿಲ್ಲ. ಅರಿಶಿನದ ತೆಳು ಹಳದಿ ಮಾತ್ರ ಉಳಿಯಿತು. ಅಡುಗೆ ಸೋಡಾ ಕಲಸಿ ಹಚ್ಚಿ ಉಜ್ಜಿದ ಮೇಲೆ ಬಹುಪಾಲು ಹೋಯಿತು.

ಆಮೇಲೆ ಬಿಸಿಯ ಪರೀಕ್ಷೆ. ಕ್ವಾರ್ಟ್ಸ್ ಎಂದರೆ ನೆಲದಿಂದ ಅಗೆದ ಇಡೀ ಬಂಡೆ ಅಲ್ಲ. ಶೇಕಡಾ 90ರಷ್ಟು ಕ್ವಾರ್ಟ್ಸ್ ಎಂಬ ಖನಿಜದ ಪುಡಿಗೆ ರೆಸಿನ್ ಎಂಬ ಪ್ಲಾಸ್ಟಿಕ್‌ನಂಥ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ ಅದು. ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ರೆಸಿನ್ ಹಾಳಾಗಬಹುದು. ಸಾಸಿವೆ ಸಿಡಿಯುವ ಎಣ್ಣೆ ಅದಕ್ಕಿಂತ ಬಿಸಿ ಇರುತ್ತದೆ. ಪೂರಿ ಕರಿದ ಬಾಂಡಲೆ ಇಳಿಸಿ ಚೂರಿನ ಮೇಲೆ ಇಟ್ಟೆ. ಎತ್ತಿದಾಗ ಮಂಕಾದ ಹಳದಿ ಉಂಗುರ ಬಿದ್ದಿತ್ತು. ಅದು ಇವತ್ತಿಗೂ ಹೋಗಿಲ್ಲ. ಕಪ್ಪು ಗ್ರಾನೈಟ್ ಚೂರಿಗೆ ಅದೇ ಬಾಂಡಲೆ ಏನೂ ಮಾಡಲಿಲ್ಲ. ತಟ್ಟೆಯೋ ಸ್ಟ್ಯಾಂಡೋ ಇಟ್ಟುಕೊಂಡರೆ ಆಯಿತು ಅನ್ನುತ್ತಾರೆ ಅಂಗಡಿಯವರು. ಹಬ್ಬದ ದಿನ ನಾಲ್ಕು ಪಾತ್ರೆ ಒಟ್ಟಿಗೆ ಇಳಿಸುವಾಗ ಯಾರಿಗೆ ಸ್ಟ್ಯಾಂಡಿನ ನೆನಪಿರುತ್ತದೆ ಹೇಳಿ?

ಇನ್ನೊಂದು ವಿಷಯ. ಕ್ವಾರ್ಟ್ಸ್ ಹಲಗೆಯನ್ನು ಒಣ ಕತ್ತರಿಸಿದಾಗ ಏಳುವ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶಕ್ಕೆ ತುಂಬ ಅಪಾಯ. ಆಸ್ಟ್ರೇಲಿಯಾ ಇದೇ ಕಾರಣಕ್ಕೆ 2024ರ ಜುಲೈನಿಂದ ಈ ಹಲಗೆಯನ್ನೇ ನಿಷೇಧಿಸಿದೆ. ನೀವು ಯಾವ ಕಲ್ಲನ್ನೇ ತಗೊಳ್ಳಿ, ಕತ್ತರಿಸುವಾಗ ನೀರು ಹಾಯಿಸಲು ಹೇಳಿ. ಮನೆಯೊಳಗೆ ಒಣ ಕಟಿಂಗ್ ಬೇಡವೇ ಬೇಡ.

ಹಾಗಂತ ಕಪ್ಪು ಗ್ರಾನೈಟಿಗೆ ತಂಟೆಯೇ ಇಲ್ಲ ಅಂತಲ್ಲ. ಬೋರ್‌ವೆಲ್ ನೀರಿನ ಮನೆಯಾದರೆ ಸಿಂಕಿನ ಸುತ್ತ ಬಿಳಿ ಉಪ್ಪಿನ ಕಲೆ ಎದ್ದು ಕಾಣುತ್ತದೆ. ಪಾತ್ರೆ ತೊಳೆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಲೇಬೇಕು. ಅಡುಗೆಮನೆ ಸ್ವಲ್ಪ ಕತ್ತಲೆ ಅನ್ನಿಸುವುದೂ ನಿಜ. ಅದಕ್ಕೆ ಗೋಡೆಗೆ ತಿಳಿ ಬಣ್ಣದ ಟೈಲ್ಸ್ ಹಾಕಿಸಿ, ಮೇಲಿನ ಕಪಾಟಿನ ಕೆಳಗೆ ಎಲ್‌ಇಡಿ ಪಟ್ಟಿ ಕೊಡಿಸಿದೆ. ಪಾಲಿಶ್ ಕಲ್ಲಿನಲ್ಲಿ ದೀಪದ ಚುಕ್ಕೆಗಳು ಕಣ್ಣಿಗೆ ಹೊಡೆಯುತ್ತವೆ, ಹಾಗಾಗಿ ಮೇಲೆ ಮಬ್ಬು ಮುಚ್ಚಳ ಇರುವ ಪಟ್ಟಿಯೇ ಬೇಕು. ಚರ್ಮದ ಹಾಗೆ ಸ್ವಲ್ಪ ತರಿತರಿಯಾಗಿರುವ ಲೆದರ್ ಫಿನಿಶ್ ಕಲ್ಲು ತಗೊಂಡರೆ ಹೊಳಪಿನ ಕಾಟ ಇಲ್ಲ. ಆದರೆ ಅದರ ಸಣ್ಣ ಗುಳಿಗಳಲ್ಲಿ ಚಪಾತಿ ಹಿಟ್ಟು ಕೂರುತ್ತದೆ, ನನಗೆ ಬೇಡ ಅನ್ನಿಸಿತು.

ಕಪ್ಪು ಕಲ್ಲು ಕೊಳ್ಳುವಾಗ ಹುಷಾರು. ಬೂದು ಕಲ್ಲಿಗೆ ಬಣ್ಣ ಹಾಕಿ ಕಪ್ಪು ಅಂತ ಮಾರುವವರೂ ಇದ್ದಾರೆ. ಉಗುರು ಬಣ್ಣ ತೆಗೆಯುವ ಅಸಿಟೋನ್ ಹತ್ತಿಗೆ ಹಾಕಿ ಉಜ್ಜಿ. ಹತ್ತಿ ಕಪ್ಪಾದರೆ ಮುಂದಿನ ಅಂಗಡಿಗೆ ನಡೆಯಿರಿ.

ಕೊನೆಗೆ ಒಲೆ ಮತ್ತು ಸಿಂಕಿನ ಕಟ್ಟೆಗೆ ಕಪ್ಪು ಗ್ರಾನೈಟ್ ಹಾಕಿಸಿದೆ. ಊಟದ ಕೋಣೆಯ ಕಡೆ ಕಾಫಿ ಲೋಟ ಇಡುವ ಪುಟ್ಟ ಕಟ್ಟೆಗೆ ಮಾತ್ರ ಬಿಳಿ ಕ್ವಾರ್ಟ್ಸ್. ಅಲ್ಲಿ ಬಾಂಡಲೆ ಬರುವುದಿಲ್ಲ, ನೋಡಲೂ ಚೆನ್ನ. ಬಂದವರೆಲ್ಲ ಹೊಗಳುವುದು ಅದನ್ನೇ, ದುಡಿಯುವುದು ಕಪ್ಪು ಕಟ್ಟೆ.

ಕಪಾಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಾರ್ಟಿಕಲ್ ಬೋರ್ಡ್ ಮತ್ತು ಪ್ಲೈವುಡ್ ಚೂರುಗಳನ್ನು ಬಕೆಟ್ ನೀರಿನಲ್ಲಿ ನೆನೆಹಾಕಿದೆ. ಪಾರ್ಟಿಕಲ್ ಬೋರ್ಡ್ ಅಂಚಿನಲ್ಲಿ ಊದಿ ಉದುರತೊಡಗಿತು, ನೀರು ತಾಳುವ ಪ್ಲೈವುಡ್‌ಗೆ ಇರುವ ಐಎಸ್ 710 ಮುದ್ರೆಯ ಪ್ಲೈ ಹಾಗೇ ಇತ್ತು. ಸಿಂಕಿನ ಕೆಳಗೆ ಆ ಪ್ಲೈಯನ್ನೇ ಹಾಕಿಸಿ, ದುಡ್ಡು ಉಳಿಸುವುದಿದ್ದರೆ ನೀರು ತಾಗದ ಕಡೆ ಉಳಿಸಿ. ಬಾಗಿಲಿಗೆ ಹೊಳೆಯುವ ಅಕ್ರಿಲಿಕ್‌ಗಿಂತ ಮ್ಯಾಟ್ ಲ್ಯಾಮಿನೇಟ್ ವಾಸಿ, ಎಣ್ಣೆ ಕೈಯ ಗುರುತು ಅಷ್ಟಾಗಿ ಕಾಣುವುದಿಲ್ಲ. ಒಲೆ ಹಿಂದಿನ ಟೈಲ್ಸ್ ಸಂದಿಗೆ ಎಪಾಕ್ಸಿ ಗ್ರೌಟ್, ಅಂದರೆ ಕಲೆ ಹೀರದ ರೆಸಿನ್ ಗಾರೆ, ಹಾಕಿಸಿ. ಬಿಳಿ ಸಿಮೆಂಟ್ ಆದರೆ ಅರಿಶಿನ ಹೀರಿಕೊಳ್ಳುತ್ತದೆ.

ಕಲ್ಲು ಕೂರಿಸುವ ಮೊದಲು ಮೇಸ್ತ್ರಿಗೆ ಎರಡು ಮಾತು ಹೇಳಿ. ಕಟ್ಟೆಯ ಎತ್ತರ ಅಡುಗೆ ಮಾಡುವವರ ಮೊಣಕೈಗಿಂತ 4ರಿಂದ 6 ಇಂಚು ಕೆಳಗಿರಲಿ. ಅವರನ್ನೇ ನಿಲ್ಲಿಸಿ ಅಳೆಯಿರಿ. ಮುಂದಿನ ಅಂಚಿನ ಕೆಳಭಾಗದಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಕೊರೆಸಿ. ಚೆಲ್ಲಿದ ನೀರು ಕಪಾಟಿನ ಕಡೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಕಲ್ಲು ಕೂತ ಮೇಲೆ ಅದನ್ನು ಕೊರೆಯುವುದು ಬಲು ಕಷ್ಟ.