ಟ್ರೇಲರ್‌ಗೆ ‘ಹೊಸ’ ಟೈರು ಹಾಕಿಸುತ್ತಿದ್ದೀರಾ? ಮೊದಲು ಅದರ ವಯಸ್ಸು ನೋಡಿ

ಚಳಿಗಾಲವೆಲ್ಲ ನಿಲ್ಲಿಸಿದ್ದ ಟ್ರಾವೆಲ್ ಟ್ರೇಲರನ್ನು (ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ) ವಸಂತ ಬಂತೆಂದು ಹೊರಗೆ ತೆಗೆಯುತ್ತಿರುವವರು ದಯವಿಟ್ಟು ಇದನ್ನು ಓದಿ. ನಿವೃತ್ತಿಯಾದ ಮೇಲೆ ನಾನೂ ನಮ್ಮ ಯಜಮಾನರೂ ಎಷ್ಟೋ ಆಸೆಪಟ್ಟು ಹೊರಟ ಪ್ರವಾಸ ಹೆದ್ದಾರಿಯ ಬದಿಯಲ್ಲೇ ಮುಗಿದುಹೋಯಿತು. ಅಂಗಡಿಯವರು ಹೊಸದೆಂದು ಹೇಳಿ ಮಾರಿದ ಹಳೇ ಟೈರುಗಳೇ ಅದಕ್ಕೆ ಕಾರಣ.

ನಮ್ಮ ಟ್ರೇಲರ್‌ಗೆ ಎರಡು ಆ್ಯಕ್ಸಲ್, ನಾಲ್ಕು ಚಕ್ರ. ದೂರದ ಪ್ರಯಾಣ ಅಂತಲೇ 2024ರ ವಸಂತದಲ್ಲಿ ನಾಲ್ಕೂ ಟೈರು ಬದಲಿಸಲು ಕೊಟ್ಟೆವು. ವಾಪಸ್ ಬಂದಾಗ ಟೈರುಗಳು ಕಪ್ಪಗೆ ಹೊಳೆಯುತ್ತಿದ್ದವು. ಟ್ರೆಡ್, ಅಂದರೆ ರಸ್ತೆಗೆ ತಾಗುವ ಮೇಲ್ಪದರ, ಒಂಚೂರೂ ಸವೆದಿರಲಿಲ್ಲ. ಹೊಸ ಟೈರಿನ ಮೇಲಿರುವ ರಬ್ಬರಿನ ಸಣ್ಣ ಎಳೆಗಳೂ ಹಾಗೇ ಇದ್ದವು. ಬಿಲ್ಲಿನಲ್ಲೂ ‘ಹೊಸ ಟೈರು’ ಎಂದೇ ಬರೆದಿತ್ತು. ಇಷ್ಟಿದ್ದ ಮೇಲೆ ಯಾರಿಗಾದರೂ ಅನುಮಾನ ಬರುತ್ತದಾ?

ಟೈರು ಸಿಡಿದದ್ದು ನಮಗೆ ಗೊತ್ತೇ ಆಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಜೋಡಿ ಆ್ಯಕ್ಸಲ್ ಇರುವ ಟ್ರೇಲರ್‌ನಲ್ಲಿ ಒಂದು ಟೈರು ಹೋದರೂ ಪಕ್ಕದ್ದು ಭಾರ ಹೊತ್ತು ಎಳೆಯುತ್ತಿರುತ್ತದೆ. ಎಳೆಯುವ ಗಾಡಿಯಲ್ಲಿ ಕೂತವರಿಗೆ ತಕ್ಷಣ ಏನೂ ಅನಿಸದೇ ಇರಬಹುದು. ಹಿಂದಿದ್ದ ಲಾರಿಯವರು ಲೈಟು ಹಾಕಿ ತೋರಿಸಿದರು. ನಾನು ಕನ್ನಡಿಯಲ್ಲಿ ನೋಡಿ, “ರೀ, ಚಕ್ರದ ಹತ್ತಿರ ಏನೋ ಹಾರ್ತಾ ಇದೆ” ಅಂದೆ. ಅವರು ಬ್ರೇಕ್ ಜೋರಾಗಿ ಒತ್ತಲಿಲ್ಲ. ಸ್ಟಿಯರಿಂಗ್ ನೇರ ಹಿಡಿದು, ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆದು, ಮೆಲ್ಲಗೆ ಬದಿಗೆ ತಂದರು. ಇಂಥ ಹೊತ್ತಿನಲ್ಲಿ ಗಕ್ಕನೆ ಬ್ರೇಕ್ ಹಾಕಿದರೆ ಟ್ರೇಲರ್ ಓಲಾಡಿ ಗಾಡಿಯನ್ನೇ ತಿರುಗಿಸಿಬಿಡಬಹುದು.

ಇಳಿದು ನೋಡಿದಾಗ ನನಗೆ ಕೈಕಾಲು ನಡುಗಿದವು. ಟ್ರೆಡ್ ಪೂರ್ತಿ ಸುಲಿದು ಬಂದಿತ್ತು. ಉಕ್ಕಿನ ತಂತಿ ಸಮೇತ ಇರುವ ಆ ಪಟ್ಟಿ ಚಕ್ರ ತಿರುಗಿದಷ್ಟೂ ಸಲ ಚಾವಟಿಯ ಹಾಗೆ ಬಡಿದಿದೆ. ಚಕ್ರದ ಮೇಲಿನ ಹೊದಿಕೆ ಹರಿದಿತ್ತು, ಒಳಗಿನ ನೆಲ ಒಡೆದಿತ್ತು, ಬ್ರೇಕಿನ ವೈರು ಕಿತ್ತು ನೇತಾಡುತ್ತಿತ್ತು. ಅಡುಗೆ ಗ್ಯಾಸಿನ ಪೈಪು ಅಲ್ಲೇ ಕೆಳಗೆ ಹಾದುಹೋಗುತ್ತದೆ. ಅದಕ್ಕೆ ಪೆಟ್ಟು ಬೀಳದೇ ಇದ್ದದ್ದು ನಮ್ಮ ಪುಣ್ಯ. ನಿಮಗೂ ಹೀಗಾದರೆ ಮೊದಲು ಸಿಲಿಂಡರಿನ ವಾಲ್ವ್ ಬಂದ್ ಮಾಡಿ, ಜಾಕಿ ಹುಡುಕುವುದು ಆಮೇಲೆ.

ಸಹಾಯಕ್ಕೆ ಬಂದ ಮೆಕ್ಯಾನಿಕ್ ಟಾರ್ಚು ಹಿಡಿದು ಟ್ರೇಲರಿನ ಕೆಳಗೆ ತೂರಿಕೊಂಡ. ಟೈರಿನ ಪಕ್ಕದ ಮೈಮೇಲೆ ‘ಡಿಒಟಿ’ (DOT) ಎಂದು ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ನೋಡಬೇಕು. ಮೊದಲ ಎರಡು ತಯಾರಾದ ವಾರ, ಆಮೇಲಿನ ಎರಡು ವರ್ಷ. ನಮ್ಮದರಲ್ಲಿ 3117 ಅಂತಿತ್ತು. ಅಂದರೆ 2017ರ 31ನೇ ವಾರ. ನಮಗೆ ಮಾರುವ ಹೊತ್ತಿಗೇ ಅದಕ್ಕೆ ಆರು ವರ್ಷ ದಾಟಿತ್ತು! ಉಳಿದ ಮೂರೂ ಅದೇ ಕಾಲದವು. ಟ್ರೆಡ್ಡಿನ ಸಂದಿಗಳಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿದ್ದನ್ನು ಅವನೇ ತೋರಿಸಿದ.

ಇದರಲ್ಲಿ ಇನ್ನೊಂದು ಮೋಸದ ದಾರಿ ಇದೆ. ಈ ಪೂರ್ತಿ ಸಂಖ್ಯೆ ಟೈರಿನ ಎರಡೂ ಬದಿಗೆ ಇರಲೇಬೇಕೆಂದಿಲ್ಲ. ಎಷ್ಟೋ ಟೈರುಗಳಲ್ಲಿ ತಾರೀಖಿನ ಅಂಕಿಗಳು ಒಂದೇ ಕಡೆ ಇರುತ್ತವೆ. ನಮ್ಮ ನಾಲ್ಕರಲ್ಲೂ ಆ ಬದಿ ಒಳಮುಖವಾಗಿತ್ತು. ಬೇಕಂತಲೇ ಹಾಗೆ ಹಾಕಿದರೋ ಏನೋ, ಹೊರಗೆ ನಿಂತು ನೋಡಿದರೆ ವಯಸ್ಸು ಕಾಣುವ ಹಾಗಿರಲಿಲ್ಲ. ಅದಕ್ಕೇ ಚಕ್ರಕ್ಕೆ ಹಾಕುವ ಮುಂಚೆಯೇ ಪ್ರತಿ ಟೈರಿನ ಅಂಕಿ ತೋರಿಸಿ ಅಂತ ಕೇಳಿ. ಈಗಾಗಲೇ ಹಾಕಿದ್ದರೆ ಮಂಡಿ ಊರಿ ಮಲಗಬೇಕಿಲ್ಲ, ಮೊಬೈಲನ್ನು ಕೆಳಗೆ ಹಿಡಿದು ಫೋಟೋ ತೆಗೆದರೂ ಸಾಕು.

ಬಳಸದೇ ಇಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ. ಬಿಸಿಲು, ಓಜೋನ್, ಗಾಳಿಯ ಆಮ್ಲಜನಕ ಎಲ್ಲವೂ ಅದನ್ನು ಗಟ್ಟಿ ಮಾಡುತ್ತಾ ಹೋಗುತ್ತವೆ. ಬಿರುಕು ಬಿಡದಿರಲಿ ಎಂದು ರಬ್ಬರಿನಲ್ಲಿ ಬೆರೆಸಿದ ಪದಾರ್ಥಗಳು ಟೈರು ಉರುಳುತ್ತಿದ್ದರೆ ಮೇಲ್ಮೈಗೆ ಚೆನ್ನಾಗಿ ಬರುತ್ತವೆ. ನಿಂತಲ್ಲೇ ನಿಂತ ಟೈರಿಗೆ ಆ ರಕ್ಷಣೆ ಕಡಿಮೆ. ಟ್ರೇಲರ್ ಟೈರು ಸವೆದು ಹೋಗುವುದಕ್ಕಿಂತ ಹಳತಾಗಿ ಹೋಗುವುದೇ ಜಾಸ್ತಿ. ಟ್ರೆಡ್ ಎಷ್ಟೇ ಚೆನ್ನಾಗಿ ಕಂಡರೂ ಐದಾರು ವರ್ಷಕ್ಕೆ ಬದಲಿಸಿ ಎಂದು ಅನುಭವಸ್ಥರು ಹೇಳುವುದು ಇದಕ್ಕೇ.

ಅಂಗಡಿಗೆ ಫೋನ್ ಮಾಡಿದರೆ ಸಿಕ್ಕ ಉತ್ತರ: “ಬಳಸಿಲ್ಲ ಅಂದ್ಮೇಲೆ ಹೊಸದೇ ಅಲ್ವಾ ಅಮ್ಮಾ?” ಆಮೇಲೆ ಮಾತು ತಿರುಗಿತು. ನೀವು ವೇಗವಾಗಿ ಹೋಗಿರಬೇಕು, ಗಾಳಿ ಕಡಿಮೆ ಇದ್ದಿರಬೇಕು ಅಂದರು. ‘ಎಸ್‌ಟಿ’ (ST, ಅಂದರೆ ಸ್ಪೆಷಲ್ ಟ್ರೇಲರ್) ಗುರುತಿನ ಬಹಳಷ್ಟು ಟ್ರೇಲರ್ ಟೈರುಗಳ ವೇಗದ ಮಿತಿ ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರ್. ನಾವು ಅದಕ್ಕಿಂತ ಕೆಳಗೇ ಇದ್ದೆವು. ದಿನಾ ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ಗಾಳಿ ನೋಡಿ ಪುಸ್ತಕದಲ್ಲಿ ಬರೆದಿಡುವುದು ಯಜಮಾನರ ಅಭ್ಯಾಸ. ಆ ಪುಟಗಳ ಫೋಟೋ ಕಳಿಸಿದ ಮೇಲೆ ಅವರ ದನಿ ತಗ್ಗಿತು. ಟೈರುಗಳ ದುಡ್ಡು ವಾಪಸ್ ಬಂತು. ಒಡೆದ ನೆಲಕ್ಕೂ ಕಿತ್ತ ವೈರಿಗೂ ಇವತ್ತಿನವರೆಗೂ ಏನೂ ಕೊಟ್ಟಿಲ್ಲ. “ಸಿಡಿದ ಟೈರು ತಂದುಕೊಡಿ, ಪರೀಕ್ಷೆ ಮಾಡಿಸ್ತೀವಿ” ಅಂತ ಎರಡೆರಡು ಸಲ ಕೇಳಿದರು. ನಾವು ಕೊಡಲಿಲ್ಲ. ನೀವೂ ಕೊಡಬೇಡಿ, ಫೋಟೋ ಮಾತ್ರ ಕಳಿಸಿ. ಕೈಯಲ್ಲಿರುವ ಸಾಕ್ಷಿ ಆ ಟೈರೊಂದೇ.

ಒಂದು ಟೈರು ಸಿಡಿದರೆ ಅದೇ ಬದಿಯ ಪಕ್ಕದ ಟೈರನ್ನೂ ನಂಬಬೇಡಿ. ಅಷ್ಟು ಹೊತ್ತು ದುಪ್ಪಟ್ಟು ಭಾರ ಹೊತ್ತಿರುತ್ತದೆ, ಹೊರಗೆ ಏನೂ ಕಾಣದೇ ಒಳಗೆ ಹಾಳಾಗಿರಬಹುದು. ಬಿಲ್ಲಿನಲ್ಲಿ ಪ್ರತಿ ಟೈರಿನ ನಾಲ್ಕಂಕಿ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಸುಮ್ನೆ ಎದ್ದು ಬನ್ನಿ, ಬೇರೆ ಅಂಗಡಿ ಇದ್ದೇ ಇರುತ್ತದೆ. ಹಾಗೇ ಸ್ಟೆಪ್ನಿಯ ಅಂಕಿಯನ್ನೂ ಓದಿ. ಎಷ್ಟೋ ಟ್ರೇಲರ್‌ಗಳಲ್ಲಿ ಅದು ಗಾಡಿ ಕೊಂಡ ದಿನದಿಂದ ಹಿಂದುಗಡೆ ಬಿಸಿಲಿನಲ್ಲೇ ನೇತಾಡುತ್ತಿರುತ್ತದೆ.